ಪ್ರಾರ್ಥನೆಯಲ್ಲಿ ಕಣ್ಣು ತೆರೆದಿದ್ದವರು

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ನನ್ನ ಫೋನಿನಲ್ಲಿರುವ ಒಂದು ಫೋಟೋದ ಹೊತ್ತು ಅದು. ಕಾಳಿ ನದಿ ಸಮುದ್ರ ಸೇರುವಲ್ಲಿ, ನೀರು ಇಳಿದಾಗ ಮಾತ್ರ ಕಾಣುವ ಮರಳಿನ ದಿಬ್ಬದ ಮೇಲೆ ನಾವೆಲ್ಲ ಊಟದ ಡಬ್ಬಿಗಳ ಸುತ್ತ ಕೂತಿದ್ದೇವೆ. ನಡುವೆ ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಕುಂತಲಾ. ಅವಳ ಹಿಂದೆ, ನಮ್ಮೆಲ್ಲರಿಗಿಂತ ಒಂದು ತಲೆ ಎತ್ತರಕ್ಕೆ, ಬಿಸಿಲಿಗೆ ಕೆಂಪಾದ ಮುಖದ ಅವರು. ಅವರ ಬಲಭುಜದ ಆಚೆ ದೋಣಿಯ ಮೂತಿ ಕಾಣುತ್ತದೆ. ಆಮೇಲೆ ನಾನು ಇನ್ನೊಂದು ಫೋಟೋ ತೆಗೆಯಲಿಲ್ಲ. ತೆಗೆದಿದ್ದರೆ ಅದರಲ್ಲಿ ದೋಣಿ ಇರುತ್ತಿರಲಿಲ್ಲ.

ಅವರು ತಮ್ಮ ದೇಶದಲ್ಲಿ ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಾಗಲೆಲ್ಲ ಈ ಫೋಟೋ ಎದುರು ಬಂದು ನಿಲ್ಲುತ್ತದೆ. ಅವರನ್ನು ನಾನು ಹತ್ತಿರ ಹತ್ತಿರ ಒಂದು ವರ್ಷ ಬಲ್ಲೆ. ಆ ಮಧ್ಯಾಹ್ನದ ಗಂಡಾಂತರ ಒಂದು ತಾಸಿನದು. ಆದರೂ ಆ ತಾಸು ಉಳಿದ ವರ್ಷವನ್ನೆಲ್ಲ ಹಿಂದಕ್ಕೆ ತಳ್ಳಿಬಿಡುತ್ತದೆ. ಹಾಗಾಗಬಾರದೆಂದು ಮೊದಲು ಉಳಿದದ್ದನ್ನು ಹೇಳುತ್ತೇನೆ.

ಸದಾಶಿವಗಡದ ಹತ್ತಿರ ಒಂದು ಮಿಶನ್ನಿನವರು ನಡೆಸುವ ಹೊಲಿಗೆ ಕೇಂದ್ರವಿದೆ. ಕಾಲಿನಲ್ಲಿ ಶಕ್ತಿಯಿಲ್ಲದ ಹೆಣ್ಣುಮಕ್ಕಳು ಅಲ್ಲೇ ಉಳಿದು ಕೈಯಿಂದ ತಿರುಗಿಸುವ ಮಶೀನಿನಲ್ಲಿ ಹೊಲಿಗೆ ಕಲಿಯುತ್ತಾರೆ. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದ್ದ ನನಗೆ ಅಲ್ಲಿ ಸಿಕ್ಕಿದ್ದು ದುಭಾಷಿಯ ಕೆಲಸ. ಹೊರದೇಶದಿಂದ ಸೇವೆಗೆಂದು ಬರುವವರ ಮಾತನ್ನು ಇಲ್ಲಿಯವರಿಗೆ, ಇಲ್ಲಿಯವರದನ್ನು ಅವರಿಗೆ ಹೇಳಬೇಕು. ಅಂಕೋಲೆಯ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಲಿಸುವವಳಲ್ಲದಿದ್ದರೂ ಅಲ್ಲಿಯ ಹುಡುಗಿಯರು ನನ್ನನ್ನು ಟೀಚರಮ್ಮನನ್ನು ಕರೆದಂತೆ ‘ಅಕ್ಕೋರೇ’ ಎಂದೇ ಕರೆಯುತ್ತಿದ್ದರು.

ಅವರ ಹೆಸರನ್ನು ಬರೆಯುವುದಿಲ್ಲ. ನಮ್ಮಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದೂ ಇಲ್ಲ. ಬಂದ ದಿನವೇ ಅಡುಗೆಮನೆಯವರು ‘ಲಾಂಬಬಾಯಿ’ ಎಂದರು, ಅಂದರೆ ಕೊಂಕಣಿಯಲ್ಲಿ ಉದ್ದನೆಯ ಅಮ್ಮಾವ್ರು. ದಿನ ಕಳೆದಂತೆ ಲಾಂಬ ಉದುರಿಹೋಗಿ ಬರೀ ‘ಬಾಯಿ’ ಉಳಿಯಿತು.

ಅವರು ಉತ್ತರದ ಒಂದು ಚಳಿದೇಶದವರು. ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿದವರು. ನಿವೃತ್ತಿಯಾಗಿ, ಗಂಡನೂ ತೀರಿಕೊಂಡ ಮೇಲೆ, ಹೊರದೇಶದ ಸೇವೆಗೆ ಜನ ಬೇಕೆಂದು ಅವರ ಚರ್ಚಿನಲ್ಲಿ ಕೇಳಿದಾಗ ಕೈ ಎತ್ತಿದರಂತೆ. ಏನು ಕೆಲಸ ಬರುತ್ತದೆ ಎಂದು ಕೇಳಿದ್ದಕ್ಕೆ ‘ಬಸ್ಸು ಓಡಿಸುತ್ತೇನೆ’ ಎಂದರಂತೆ. ನಮ್ಮ ಕೇಂದ್ರದಲ್ಲಿ ಬಸ್ಸೇ ಇರಲಿಲ್ಲ. ಹಾಗಾಗಿ ಅವರು ಮಶೀನುಗಳಿಗೆ ಎಣ್ಣೆ ಬಿಡುವುದು, ಗಾಲಿಕುರ್ಚಿ ತಳ್ಳುವುದು, ಈರುಳ್ಳಿ ಹೆಚ್ಚುವುದು ಮಾಡಿದರು. ಈರುಳ್ಳಿಗೆ ಅವರಷ್ಟು ಅತ್ತವರನ್ನು ನಾನು ನೋಡಿಲ್ಲ.

ಬಸ್ಸಿನ ಅಭ್ಯಾಸ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಕಾರವಾರಕ್ಕೆ ಹೋಗುವಾಗ ಸೀಟು ಖಾಲಿ ಇದ್ದರೂ ಡ್ರೈವರನ ಪಕ್ಕ ಕಂಬಿ ಹಿಡಿದು ನಿಲ್ಲುತ್ತಿದ್ದರು. ಡ್ರೈವರ್ ಗೇರು ಬದಲಿಸುವಾಗ ಅವರ ಬಲಗೈ ತಾನಾಗಿ ಅಲುಗುತ್ತಿತ್ತು. ಇಳಿಯುವಾಗ ಡ್ರೈವರನಿಗೆ ತಲೆಬಾಗಿಸಿ ಉಪಕಾರ ಹೇಳದೆ ಇಳಿದವರಲ್ಲ. ಒಮ್ಮೆ ಕಂಡಕ್ಟರ್ ನನ್ನ ಕಡೆ ತಿರುಗಿ, “ಇವ್ರಿಗೆ ಹೇಳಿ ಅಕ್ಕೋರೇ, ಅಂವನ ಹೆಂಡ್ತಿನೂ ಅಂವಗೆ ಇಷ್ಟು ಉಪಕಾರ ಹೇಳೂದಿಲ್ಲ. ತಲೆ ತಿರುಗಿ ಗಾಡಿ ಹೊಂಡಕ್ಕೆ ಹಾಕಿದ್ರೆ ಕಷ್ಟ” ಎಂದ. ಹೇಳಿದೆ. ಅವರು ಬಿದ್ದು ಬಿದ್ದು ನಕ್ಕು, ಮರುದಿನ ಕಂಡಕ್ಟರನಿಗೂ ಸೇರಿಸಿ ಉಪಕಾರ ಹೇಳಿದರು.

ಇನ್ನೊಂದು ಅಭ್ಯಾಸ ತಲೆ ಮುಟ್ಟುವುದು. ಎಲ್ಲಿಗಾದರೂ ಹೊರಡುವ ಮೊದಲು, ತಲುಪಿದ ಮೇಲೆ, ಊಟಕ್ಕೆ ಕೂತಾಗ, ಒಬ್ಬೊಬ್ಬರ ನೆತ್ತಿಯನ್ನೂ ಬೆರಳಿನಿಂದ ಮುಟ್ಟಿ “ಇದ್ದೀಯಾ?” ಎನ್ನುತ್ತಿದ್ದರು. ಬಸ್ಸಿನ ಮಕ್ಕಳಿಗೆ ಹಾಗೇ ಮಾಡುತ್ತಿದ್ದರಂತೆ. ಮುಟ್ಟಿಸಿಕೊಂಡವರು “ಇದ್ದೆ” ಎನ್ನಬೇಕು. ಇದ್ದೇನೆ ಎನ್ನುವುದಕ್ಕೆ ನಮ್ಮ ಕಡೆ ಹಾಗೇ ಹೇಳುವುದು. ಶಕುಂತಲಾ ಮೊದಲ ದಿನವೇ ಸಿಡುಕಿದಳು. “ನಾವೆಂತಾ ತೆಂಗಿನಕಾಯಾ, ಮುಟ್ಟಿ ಮುಟ್ಟಿ ಎಣಿಸೂಕೆ?”

ಶಕುಂತಲಾ ಅಂಕೋಲೆಯ ಕೇಣಿ ಕಡೆಯವಳು. ಚಿಕ್ಕಂದಿನ ಜ್ವರದಲ್ಲಿ ಎರಡೂ ಕಾಲು ಹೋದದ್ದು. ನಾಲಿಗೆ ಮಾತ್ರ ಇಬ್ಬರದಷ್ಟು ಇತ್ತು. ಅವರಿಗೆ ಕನ್ನಡ ಕಲಿಸಿದವಳು ನಾನಲ್ಲ, ಅವಳು. ಹಾಗಾಗಿ ಅವರ ಬಾಯಲ್ಲಿ ಬರುತ್ತಿದ್ದದ್ದು ಕೇಣಿಯ ಕನ್ನಡ. ಆರಡಿ ಎತ್ತರದ ಬಿಳಿಯ ಹೆಂಗಸು ಕಾರವಾರದ ಮೀನುಪೇಟೆಯಲ್ಲಿ ನಿಂತು “ಬಂಗಡೆ ನಿನ್ನೇದಾ ಮಾರಾಯ್ತಿ?” ಎಂದಾಗ ಬುಟ್ಟಿಯ ಮುಂದಿದ್ದವಳು ಸುಳ್ಳು ಹೇಳುವುದನ್ನೇ ಮರೆತು ಹೌದೆಂದಳು.

ಧರ್ಮದ ಕೆಲಸಕ್ಕೆ ಬಂದವರೆಂದು ಊರಿನಲ್ಲಿ ಅನುಮಾನವೂ ಇತ್ತು. ಒಬ್ಬ ಅಂಗಡಿಯವರು ಮುಖಕ್ಕೇ ಕೇಳಿದರು. “ಎಂತಾ ಬಾಯೀ, ನಮ್ಮವ್ರನ್ನೆಲ್ಲ ನಿಮ್ಮ ಜಾತಿಗೆ ಸೇರ್ಸೂಕೆ ಬಂದದ್ದಾ?” ಅದನ್ನು ಮೆತ್ತಗೆ ಮಾಡಿ ಅನುವಾದಿಸಲು ನೋಡಿದೆ. ಅವರಿಗೆ ಗೊತ್ತಾಯಿತು. “ಪೂರ್ತಿ ಹೇಳು” ಎಂದರು. ಹೇಳಿದೆ. ಅವರು ಅಂಗಡಿಯವರ ಕಡೆ ತಿರುಗಿ, “ನಾನು ಬಸ್ಸು ಓಡಿಸುವವಳು. ನನ್ನ ಕೈಗೆ ಕೊಟ್ಟವರನ್ನು ಅವರವರ ಮನೆಯ ಮುಂದೆ ಇಳಿಸುವುದು ಗೊತ್ತು. ಬೇರೆಯವರ ಮನೆಯ ಮುಂದೆ ಇಳಿಸಿದರೆ ಕೆಲಸ ಹೋಗುತ್ತದೆ” ಎಂದರು. ಅಂಗಡಿಯವರು ನಕ್ಕು, ಕೇಳದೆಯೇ ಸಾರಿಗೆ ಹುಳಿ ಕೊಡುವ ಒಣ ಮುರುಗಲ ಸಿಪ್ಪೆಯನ್ನು ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಟ್ಟರು.

ಭಾನುವಾರ ಅವರಿಗೆ ರಜೆ. ಚರ್ಚು ಮುಗಿಸಿ ಕರಾವಳಿ ನೋಡಲು ಹೊರಡುತ್ತಿದ್ದರು, ಜೊತೆಗೆ ನಾನು. ಒಂದು ವಾರ ದೇವಬಾಗ, ಒಂದು ವಾರ ಬೇಲೇಕೇರಿ, ಇನ್ನೊಂದು ವಾರ ಮಾಜಾಳಿ ದಾಟಿ ತಿಳಮಾತಿ. ತಿಳಮಾತಿಯ ಎಳ್ಳಿನಂಥ ಕಪ್ಪು ಮರಳನ್ನು ಕಂಡು ಮಗುವಿನಂತಾದರು. ಕರವಸ್ತ್ರದಲ್ಲಿ ಒಂದು ಹಿಡಿ ಕಟ್ಟಿಕೊಂಡು ಬಂದು ಹೊಲಿಗೆಯ ಮೇಜಿನ ಮೇಲೆ ಸುರಿದರು. ಹುಡುಗಿಯರು ಮಶೀನು ನಿಲ್ಲಿಸಿ ಮುಟ್ಟಿ ನೋಡಿದರು.

“ಇದು ಎಲ್ಲೀದು ಬಾಯೀ?” ಎಂದಳು ರೋಜಿ. ರೋಜಿ ಮಾಜಾಳಿಯವಳು, ಊರುಗೋಲಿನಲ್ಲಿ ನಡೆಯುವವಳು. ಆ ಮರಳು ಅವಳ ಮನೆಯ ಪಕ್ಕದ ಗುಡ್ಡದಾಚೆಯದು.

ಅವರು ನನ್ನ ಮುಖ ನೋಡಿದರು. “ಇವಳು ನೋಡಿಲ್ಲವೇ?”

“ಯಾರು ಹೊತ್ಕಂಡು ಹೋಗ್ತಾರೆ ಬಾಯೀ?” ಎಂದಳು ಶಕುಂತಲಾ. “ನಮ್ಮನಿಯಿಂದ ಸಮುದ್ರದ ಸದ್ದು ಕೇಳ್ತದೆ. ಕಾಲು ಅದ್ದೂಕೆ ಇನ್ನೂ ಆಗ್ಲಿಲ್ಲ.”

ಮುಂದಿನ ಭಾನುವಾರ ಅವರು ನನ್ನೊಬ್ಬಳನ್ನೇ ಕರೆದುಕೊಂಡು ಹೊರಡಲು ಒಪ್ಪಲಿಲ್ಲ. “ಇವರು ನೋಡದ ಇವರ ಸಮುದ್ರವನ್ನು ನಾನು ನೋಡಿ ಏನು ಮಾಡಲಿ?” ಎಂದರು. ಕೇಂದ್ರ ನೋಡಿಕೊಳ್ಳುವ ವಾರ್ಡನ್ ಬಾಯಿಯವರನ್ನು ಕಾಡಿ, ಆಡಳಿತದವರನ್ನು ಬೇಡಿ, ಸರದಿಯ ಮೇಲೆ ಒಂದಿಷ್ಟು ಜನರನ್ನು ಕರೆದುಕೊಂಡು ಹೋಗಲು ಒಪ್ಪಿಗೆ ತಂದರು. ವಾರವಿಡೀ ಗೋಡೆಗೆ ಮುಖ ಮಾಡಿ ಹೊಲಿಯುವ ಹುಡುಗಿಯರಿಗೆ ಭಾನುವಾರವೆಂದರೆ ಹಬ್ಬವಾಯಿತು. ಹಾಗೆಯೇ ಆ ಮರಳದಿಬ್ಬಕ್ಕೂ ಹೋದದ್ದು.

ಈಗ ಆ ಮಧ್ಯಾಹ್ನ.

ಕೇಂದ್ರದಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ ಮಾಡುವ ಕ್ರಮವಿದೆ. ಎಲ್ಲರೂ ಕೈ ಕೈ ಹಿಡಿದು ಕಣ್ಣು ಮುಚ್ಚಬೇಕು. ಒಬ್ಬೊಬ್ಬರೂ ತಮಗೆ ಬೇಕಾದವರ ಹೆಸರು ಹೇಳಿ ಅವರಿಗೆ ಒಳ್ಳೆಯದಾಗಲಿ ಎನ್ನಬೇಕು. ಯಾವ ದೇವರು ಎಂದು ಯಾರೂ ಕೇಳುತ್ತಿರಲಿಲ್ಲ. ಶಕುಂತಲಾ ದಿನವೂ ತಮ್ಮ ಮನೆಯ ಎಮ್ಮೆಯ ಹೆಸರು ಹೇಳುತ್ತಿದ್ದಳು. ಅದಕ್ಕೆ ಕಾಲುನೋವು.

ಅವತ್ತು ದೋಣಿ ತಂದವನು ಪಾಂಡಣ್ಣ. ದೋಣಿಯ ಮೂತಿಯನ್ನು ಮರಳಿಗೆ ಎಳೆದಿಟ್ಟು, ತಾನು ದೋಣಿಯಲ್ಲೇ ಕೂತಿರುತ್ತೇನೆಂದು ಲಂಗರು ಹಾಕಿರಲಿಲ್ಲ. ಆದರೆ ಯಾರೂ ಬೇರೆ ಕೂತು ಉಣ್ಣಬಾರದೆಂಬುದು ಬಾಯಿಯ ಹಟ. “ಬಾ ಪಾಂಡಣ್ಣಾ, ಉಣ್ಣೂಕೆ ಬಾ” ಎಂದು ಕೇಣಿ ಕನ್ನಡದಲ್ಲಿ ಕರೆದರು. ಅವನು ನಾಚುತ್ತ ಇಳಿದು ಬಂದ. ಟೊಪ್ಪಿ ತೆಗೆದ. ನಮ್ಮ ಜೊತೆ ಕೈ ಹಿಡಿದು ಕಣ್ಣು ಮುಚ್ಚಿದ.

ರೋಜಿ ಹೆಸರು ಹೇಳಿದಳು, ಇನ್ನಿಬ್ಬರು ಹುಡುಗಿಯರು ಹೇಳಿದರು, ಎಮ್ಮೆಯ ಸರದಿಯೂ ಆಯಿತು. ಆಮೇಲೆ ಪಾಂಡಣ್ಣ ಶುರು ಮಾಡಿದ. ಇಂಥ ಅವಕಾಶ ಅವನಿಗೆ ಯಾರೂ ಕೊಟ್ಟಿರಲಿಲ್ಲವೋ ಏನೋ. ತೀರಿಹೋದ ಅಪ್ಪ, ಆಯಿ, ಅಣ್ಣಂದಿರು, ಅವರ ಮಕ್ಕಳು, ಗೋವಾದ ಟ್ರಾಲರಿನಲ್ಲಿರುವ ಅಳಿಯ, ಅಳಿಯನ ಜೊತೆಯವರು. ಅವರಲ್ಲಿ ಒಬ್ಬನ ಹೆಸರು ನೆನಪಾಗದೆ ತಡವರಿಸಿದ. ನಾವು ನಗು ತಡೆದುಕೊಂಡು ಕಣ್ಣು ಮುಚ್ಚಿಯೇ ಕಾದೆವು. ಆಗ ಮರಳಿನ ಮೇಲೆ ಏನೋ ಉಜ್ಜಿದ ಸದ್ದು ನನ್ನ ಕಿವಿಗೆ ಬಿತ್ತು. ರೋಜಿಗೂ ಕೇಳಿತ್ತಂತೆ. ಏಡಿ ಇರಬೇಕೆಂದುಕೊಂಡಳಂತೆ.

ಕಣ್ಣು ಬಿಟ್ಟಾಗ ದೋಣಿ ಇರಲಿಲ್ಲ. ನಾವು ಹೆಸರು ಹೇಳುತ್ತಿದ್ದಷ್ಟು ಹೊತ್ತೂ ಭರತಿ, ಸಮುದ್ರದ ಉಬ್ಬರ, ಏರುತ್ತಿತ್ತು. ನೀರು ದೋಣಿಯನ್ನು ಮೆಲ್ಲಗೆ ಎತ್ತಿಕೊಂಡು ಸೇತುವೆಯ ಕಡೆ, ಒಳನದಿಗೆ ಕರೆದೊಯ್ಯುತ್ತಿತ್ತು. ಯಾರೋ ಹಗ್ಗ ಹಿಡಿದು ನಡೆಸಿದಂತೆ ನೇರವಾಗಿ ಹೋಗುತ್ತಿತ್ತು.

ಪಾಂಡಣ್ಣ ನೀರಿಗೆ ಹಾರಿದ. ನಾನು ವಾರ್ಡನ್ ಬಾಯಿಯವರಿಗೆ ಫೋನ್ ಮಾಡಿದೆ. ಅವರು ಎತ್ತಿದ ಕೂಡಲೇ ಕೇಳಿದ್ದು, “ಊಟ ಆಯ್ತಾ?”

ಆ ಎರಡು ಶಬ್ದ ಈಗಲೂ ಯಾರಾದರೂ ಕೇಳಿದರೆ ಉತ್ತರ ಕೊಡುವ ಮೊದಲು ಸುತ್ತ ನೋಡುತ್ತೇನೆ.

ವಾರ್ಡನ್ ಬಾಯಿ ದೋಣಿ ಕಟ್ಟುವ ದಕ್ಕೆಗೆ ಓಡಿದರು. ಭಾನುವಾರದ ಮಧ್ಯಾಹ್ನ ದಕ್ಕೆಯಲ್ಲಿ ದೋಣಿಗಳಿದ್ದವು, ಜನ ಇರಲಿಲ್ಲ. ಇತ್ತ ದಿಬ್ಬ ಸುತ್ತಲಿಂದಲೂ ಸಣ್ಣದಾಗುತ್ತಿತ್ತು. ಮೊದಲು ಡಬ್ಬಿಗಳು ತೇಲಿದವು. ಊರುಗೋಲುಗಳು ಮರಳಿನಲ್ಲಿ ಹುಗಿದುಹೋದವು. ನಡೆಯಬಲ್ಲವರೆಂದರೆ ಬಾಯಿ ಮತ್ತು ನಾನು, ಈಜು ಇಬ್ಬರಿಗೂ ಬಾರದು. ಅವರು ಹುಡುಗಿಯರನ್ನೆಲ್ಲ ಶಕುಂತಲಾಳ ಕುರ್ಚಿಗೆ ಒತ್ತಿ ನಿಲ್ಲಿಸಿದರು. ಒಬ್ಬರ ಸೊಂಟ ಇನ್ನೊಬ್ಬರು ಹಿಡಿಯಬೇಕು. ಎದುರಿನಿಂದ ನಾನು ತಬ್ಬಿ ಹಿಡಿಯಬೇಕು. ಅವರು ಹಿಂದಿನಿಂದ ಕುರ್ಚಿಯ ಬೆನ್ನು ಹಿಡಿದು ನಿಂತರು. ಕುರ್ಚಿಯ ಕಾಲಡಿಯ ಮರಳು ಜಾರುತ್ತಿತ್ತು. ಅದು ವಾಲಿದಾಗಲೆಲ್ಲ ಅವರು ಮೊಣಕಾಲು ಕೊಟ್ಟು ತಡೆಯುತ್ತಿದ್ದರು. ಇನ್ನೊಂದು ಕೈಯಿಂದ ಒಬ್ಬೊಬ್ಬರ ತಲೆ ಮುಟ್ಟುತ್ತಿದ್ದರು.

“ಇದ್ದೀಯಾ?”

“ಇದ್ದೆ.”

“ಇದ್ದೀಯಾ?”

“ಇದ್ದೆ ಬಾಯೀ.”

ಒಂದು ಸುತ್ತು ಮುಗಿದರೆ ಮತ್ತೊಂದು. ನನ್ನ ತಲೆಯನ್ನೂ ಬಿಡಲಿಲ್ಲ. ನೀರು ಕುರ್ಚಿಯ ಮಟ್ಟಕ್ಕೆ ಬಂದಾಗ ಶಕುಂತಲಾಳ ನಿರ್ಜೀವ ಕಾಲುಗಳು ಮೇಲೆದ್ದು ತೇಲತೊಡಗಿದವು. ಅವಳು ಅದನ್ನು ನೋಡಿದಳು. ಅವರ ಬೆರಳು ಅವಳ ನೆತ್ತಿಗೆ ಬಂತು. “ಇದ್ದೀಯಾ?”

“ಇದ್ದೆ. ಇಲ್ದಿದ್ರೆ ಎಲ್ ಹೋಗೂಕೆ ಆಗ್ತದೆ?” ಎಂದಳು. ಆಮೇಲೆ ದನಿ ಇಳಿಸಿ, “ಸಮುದ್ರಕ್ಕೆ ಕಾಲು ಅದ್ದೂದು ಅಂದ್ರೆ ಹಿಂಗಾ ಬಾಯೀ? ಇಷ್ಟು ಬ್ಯಾಡಾಗಿತ್ತು” ಎಂದಳು. ರೋಜಿ ಅಳುತ್ತಲೇ ನಕ್ಕಳು. ನಾವೆಲ್ಲ ನಕ್ಕೆವು. ಹೇಗೆ ನಕ್ಕೆವೋ ನನಗೆ ಈಗಲೂ ಅರ್ಥವಾಗಿಲ್ಲ.

ಪಾಂಡಣ್ಣ ಸೇತುವೆಯ ಕಂಬದ ಹತ್ತಿರ ದೋಣಿ ಹಿಡಿದಿದ್ದ. ಭರತಿಗೆ ಎದುರಾಗಿ ಹುಟ್ಟು ಹಾಕಲಾರದೆ ಒದ್ದಾಡುತ್ತಿದ್ದಾಗ, ವಾರ್ಡನ್ ಬಾಯಿ ಯಾರದೋ ಮನೆಯಿಂದ ಊಟದೆಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ ಇಂಜಿನ್ ದೋಣಿಯವರು ಅವನನ್ನು ಕಂಡು ಕಟ್ಟಿ ಎಳೆದು ತಂದರು. ನೀರು ನನ್ನ ಸೊಂಟ ದಾಟಿತ್ತು. ಹುಡುಗಿಯರನ್ನು ಒಬ್ಬೊಬ್ಬರಾಗಿ ಎತ್ತಿದರು. ಬಾಯಿ ಕಡೆಯವರಾಗಿ ಹತ್ತಿದರು. ಹತ್ತುವ ಮೊದಲು ದೋಣಿಯಲ್ಲಿದ್ದವರ ತಲೆಗಳನ್ನೆಲ್ಲ ಇನ್ನೊಮ್ಮೆ ಮುಟ್ಟಿದರು, ಇಂಜಿನ್ ದೋಣಿಯವರದನ್ನೂ ಸೇರಿಸಿ. ಖಾಲಿ ಕುರ್ಚಿ ತಿರುಗುತ್ತ ನದಿಯ ಮೇಲಿನ ಕದ್ರಾ ಕಡೆಗೆ ಹೊರಟಿತು. ಶಕುಂತಲಾ ಅದಕ್ಕೆ ಕೈ ಬೀಸಿದಳು.

ಎಲ್ಲರೂ ಉಳಿದೆವು. ಪಾಂಡಣ್ಣ ಮಾತ್ರ ದಡದಲ್ಲಿ ಕೂತು, ತಾನು ಹೇಳಿದ ಹೆಸರುಗಳಿಂದಲೇ ಹೀಗಾಯಿತೆಂದು ಹಣೆ ಚಚ್ಚಿಕೊಂಡ. ಅವರು ಅವನ ಪಕ್ಕ ಹಸಿ ಬಟ್ಟೆಯಲ್ಲೇ ಕೂತು, “ಅಳಿಯನ ಜೊತೆಯವನ ಹೆಸರು ನೆನಪಾಯಿತಾ ಕೇಳು” ಎಂದು ನನ್ನಿಂದ ಕೇಳಿಸಿದರು. ನೆನಪಾಗಿತ್ತು. “ಹೇಳಲಿ, ಅವನೊಬ್ಬ ಉಳಿದುಹೋಗಬಾರದು” ಎಂದರು.

ನಾನು ನಿದ್ದೆ ಕಳೆದುಕೊಂಡದ್ದು ಅಂದಿನಿಂದ. ಕಣ್ಣು ಮುಚ್ಚಿದರೆ ಮರಳು ಉಜ್ಜುವ ಸದ್ದು. ಎಲ್ಲೋ ಏನೋ ಸರಿದು ಹೋಗುತ್ತಿದೆ, ಕಣ್ಣು ಬಿಟ್ಟರೆ ಅದನ್ನು ಹಿಡಿಯಬಹುದು ಎನ್ನಿಸುತ್ತಿತ್ತು. ಜೋಂಪು ಹತ್ತಿದ ಕೂಡಲೇ ಬೆಚ್ಚಿ ಏಳುತ್ತಿದ್ದೆ. ಕಾರವಾರದ ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆಯ ನಿದ್ದೆಯೊಳಗೂ ದೋಣಿ ಹೋಗುತ್ತಿತ್ತು. ಕೇಂದ್ರದಲ್ಲಿ ಊಟದ ಪ್ರಾರ್ಥನೆಗೆ ನಾನು ಕಣ್ಣು ಮುಚ್ಚುವುದನ್ನು ಬಿಟ್ಟೆ. ಎಲ್ಲರ ಮುಚ್ಚಿದ ಕಣ್ಣುಗಳ ನಡುವೆ ನನ್ನವೆರಡು ಮಾತ್ರ ತೆರೆದಿರುತ್ತಿದ್ದವು. ಒಂದು ದಿನ ನೋಡಿದರೆ, ಮೇಜಿನ ಆ ತುದಿಯಿಂದ ಇನ್ನೆರಡು ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಅವರವು.

ಆಡಳಿತದವರು ಭಾನುವಾರದ ತಿರುಗಾಟವನ್ನು ಪೂರ್ತಿ ನಿಲ್ಲಿಸಿದ್ದರು. ಬಾಯಿ ಕಾರವಾರದ ಕಚೇರಿಗೆ ಹೋಗಿ, ತಪ್ಪು ತನ್ನದು, ಬೇಕಾದರೆ ತನ್ನನ್ನು ವಾಪಸು ಕಳಿಸಿ, ಹುಡುಗಿಯರ ಭಾನುವಾರ ಕಿತ್ತುಕೊಳ್ಳಬೇಡಿ ಎಂದರು. ಆ ಮಾತನ್ನು ಅನುವಾದಿಸಿದವಳು ನಾನೇ. ದೋಣಿ ಹತ್ತಕೂಡದೆಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಮೊದಲ ಭಾನುವಾರ ಕೇಣಿಗೇ ಹೋದೆವು. ಶಕುಂತಲಾಳ ಅಣ್ಣಂದಿರು ಅವಳ ಗಾಲಿಕುರ್ಚಿಯನ್ನು ಅನಾಮತ್ತಾಗಿ ಎತ್ತಿ ನೀರಿನ ಅಂಚಿಗೆ ತಂದಿಟ್ಟರು. ಇಷ್ಟು ವರ್ಷ ಯಾಕೆ ಎತ್ತಲಿಲ್ಲವೆಂದು ಯಾರೂ ಕೇಳಲಿಲ್ಲ. ತೆರೆ ಬಂದು ಅವಳ ಪಾದ ಮುಚ್ಚಿ ಹೋಯಿತು. “ಅಡ್ಡಿಲ್ಲ” ಎಂದಳು, ಸಾರಿನ ರುಚಿ ನೋಡಿ ಹೇಳಿದಂತೆ. ನಾನು ದೂರದಲ್ಲಿ, ಬಂದ ಆಟೋದೊಳಗೇ ಕೂತಿದ್ದೆ. ಅವರು ಬಂದು ಪಕ್ಕದಲ್ಲಿ ಕೂತರು.

“ಆಗ ನೀವು ಪ್ರಾರ್ಥನೆ ಮಾಡುತ್ತಿದ್ದಿರಾ, ನೀರು ಏರುವಾಗ?” ಎಂದು ಕೇಳಿದೆ.

“ಪುರುಸೊತ್ತು ಇರಲಿಲ್ಲ. ತಲೆ ಮುಟ್ಟುತ್ತಿದ್ದೆ.”

ಆಮೇಲೆ ಹೇಳಿದರು. ಅವರ ಬಸ್ಸಿನಲ್ಲಿ ಬೆಳಿಗ್ಗೆ ಹೊರಡುವಾಗ ಮಕ್ಕಳು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರಂತೆ. ಇವರು ಯಾವತ್ತೂ ಮುಚ್ಚಿದವರಲ್ಲ. “ಡ್ರೈವರ್ ಮುಚ್ಚುವ ಹಾಗಿಲ್ಲ. ನನ್ನ ಪ್ರಾರ್ಥನೆಯೆಲ್ಲ ರಸ್ತೆ ನೋಡುತ್ತಲೇ ಆದದ್ದು. ನಿಮ್ಮಲ್ಲಿ ಬಸ್ಸು ಇರಲಿಲ್ಲ ನೋಡು, ನಾನು ಡ್ರೈವರ್ ಎಂಬುದನ್ನೇ ಮರೆತೆ. ಅವತ್ತು ಪ್ರಯಾಣಿಕಳ ಹಾಗೆ ಕಣ್ಣು ಮುಚ್ಚಿ ಕೂತೆ. ಬಹಳ ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ.” ನೀರಂಚಿನ ಹುಡುಗಿಯರ ಮೇಲೆ ಕಣ್ಣಿಟ್ಟುಕೊಂಡೇ, “ಇನ್ನು ನಾನು ನೋಡುತ್ತಿರುತ್ತೇನೆ. ನೀನು ಮುಚ್ಚಬಹುದು” ಎಂದರು.

ಅಂದಿನಿಂದ ಪ್ರತಿ ಊಟದಲ್ಲೂ ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಎಲ್ಲರೂ ಕಣ್ಣು ಮುಚ್ಚುತ್ತಿದ್ದರು, ಅವರು ಬಿಟ್ಟುಕೊಂಡು ಕಾಯುತ್ತಿದ್ದರು. ನನ್ನ ಕಡೆ ನೋಡಿ ಗಲ್ಲ ತುಸು ಎತ್ತುತ್ತಿದ್ದರು, ಮುಚ್ಚು ಎಂಬಂತೆ. ನನಗೆ ಆಗುತ್ತಿರಲಿಲ್ಲ. ಅವರು ಒಮ್ಮೆಯೂ ಬೇಸರಿಸಲಿಲ್ಲ. ಮರುದಿನ ಮತ್ತೆ ಗಲ್ಲ ಎತ್ತುತ್ತಿದ್ದರು.

ಮಳೆಗಾಲಕ್ಕೆ ಮೊದಲು ಅವರು ಹೊರಟರು. ಕಡೆಯ ಊಟದ ದಿನ ತಮ್ಮ ಜಾಗಕ್ಕೆ ಶಕುಂತಲಾಳ ಗಾಲಿಕುರ್ಚಿಯನ್ನು ತಳ್ಳಿ ನಿಲ್ಲಿಸಿ, “ಇನ್ನು ನೀ ನೋಡೂದು” ಎಂದರು. “ಪಗಾರ ಎಷ್ಟು ಬಾಯೀ?” ಎಂದಳು ಅವಳು. ಬಸ್ಸಿಗೆ ಹತ್ತುವಾಗ ನಮ್ಮೆಲ್ಲರ ತಲೆ ಮುಟ್ಟಿದರು. ಡ್ರೈವರನ ಪಕ್ಕ ಕಂಬಿ ಹಿಡಿದು ನಿಂತದ್ದು ಕಿಟಕಿಯಲ್ಲಿ ಕಂಡಿತು. ತಿರುಗಿ ನೋಡಲಿಲ್ಲ. ರಸ್ತೆ ನೋಡುತ್ತಿದ್ದರು.

ಆಮೇಲೆ ಕೇಂದ್ರಕ್ಕೆ ಹೊರಗಿನವರು ಬರುವುದು ಕಡಿಮೆಯಾಯಿತು. ನಾನು ಅಂಕೋಲೆಯಲ್ಲೇ ಬೇರೆ ಕೆಲಸ ಹಿಡಿದೆ. ಹೋದ ತಿಂಗಳು ವಾರ್ಡನ್ ಬಾಯಿ ಫೋನ್ ಮಾಡಿದರು. ಚಳಿಯಲ್ಲಿ ಕಾಯಿಲೆಯಾಗಿ, ಆಸ್ಪತ್ರೆಯಲ್ಲಿ, ಮಗಳು ಹತ್ತಿರವಿದ್ದಾಗಲೇ ಹೋದರಂತೆ. ಅವರ ನೆನಪಿಗೆ ಕೇಂದ್ರದಲ್ಲಿ ಎಲ್ಲರಿಗೂ ಒಂದು ಊಟ, ಬಾ ಎಂದರು.

ಹೋದೆ. ಪಾಂಡಣ್ಣನೂ ಬಂದಿದ್ದ, ಟೊಪ್ಪಿಯನ್ನು ಆಗಲೇ ತೆಗೆದು ಕೈಯಲ್ಲಿ ಹಿಡಿದಿದ್ದ. ಬಂಗಡೆಯ ಸಾರು, ಅನ್ನ, ಕುಡಿಯಲು ಮುರುಗಲ ಕಡಿ. ಬಾಗಿಲಿಗೆ ಬೆನ್ನು ಕೊಟ್ಟು ಶಕುಂತಲಾ ಕೂತಿದ್ದಳು, ಕಣ್ಣು ಅರಳಿಸಿಕೊಂಡು. ಎಲ್ಲರೂ ಕೈ ಹಿಡಿದರು, ಕಣ್ಣು ಮುಚ್ಚಿದರು. ನನ್ನ ಕಣ್ಣು ಅಭ್ಯಾಸದಂತೆ ತೆರೆದೇ ಇತ್ತು.

“ಮುಚ್ಚಿ ಅಕ್ಕೋರೇ” ಎಂದಳು ಅವಳು. “ನಾ ನೋಡ್ತೆ.”

ಹೇಳಿದ ರೀತಿ ಅವಳದು, ಗಲ್ಲ ಎತ್ತಿದ್ದು ಅವರ ಹಾಗೆ. ನಾನು ಮುಚ್ಚಿದೆ. ಹೆಸರುಗಳು ಶುರುವಾದವು. ಪಾಂಡಣ್ಣ ಒಂದೇ ಹೆಸರು ಹೇಳಿದ, ಬಾಯಿಯದು. ಆಗ ಗಾಲಿಕುರ್ಚಿ ಸಿಮೆಂಟಿನ ಮೇಲೆ ಉಜ್ಜಿದ ಸದ್ದು ಕೇಳಿತು. ಸದ್ದು ಹತ್ತಿರ ಬಂದು ನಿಂತಿತು. ನನ್ನ ನೆತ್ತಿಯ ಮೇಲೆ ಒಂದು ಬೆರಳು.

“ಇದ್ರ್ಯಾ?”

“ಇದ್ದೆ” ಎಂದೆ. ಕಣ್ಣು ಬಿಡಲಿಲ್ಲ.

ಸಂಜೆಯ ಬಸ್ಸಿಗೆ ಅಂಕೋಲೆಗೆ ಬಂದೆ. ಇಳಿಯುವಾಗ ಡ್ರೈವರನಿಗೆ ಉಪಕಾರ ಹೇಳಿದೆ, ಅವನು ಗಾಬರಿಯಾಗಿ ನೋಡಿದ. ಗಂಜಿ ಉಂಡು ಮಲಗಿದೆ. ನಮ್ಮ ಬಾಗಿಲಿಗೆ ದಿನವೂ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬರುವವಳ ಕೂಗಿಗೆ ನಾನು ಎಂದೂ ಎಚ್ಚರಗೊಂಡದ್ದಿಲ್ಲ, ನಿದ್ದೆಯಿಲ್ಲದೆ ಅವಳು ಬರುವ ಹೊತ್ತಿಗೆ ಎದ್ದೇ ಇರುತ್ತಿದ್ದೆ. ಮರುದಿನ ಎದ್ದು ಹೊರಗೆ ಬಂದಾಗ ಬಿಸಿಲು ಅಂಗಳ ದಾಟಿತ್ತು. ಆಯಿ ಹಿತ್ತಿಲಲ್ಲಿ ಕೂತು ಮೀನು ಹೆಚ್ಚಿ ಮುಗಿಸುತ್ತಿದ್ದಳು.

“ಅವ್ಳು ಬಂದು ಹೋಗಿ ಆಯ್ತಾ?” ಎಂದೆ.

“ಯಾವಾಗ್ಲೋ” ಎಂದಳು ಆಯಿ.